ಬಟ್ಟೆ ಒಗೆಯುವ ಯಂತ್ರದ ಮೇಲೆ ಯಾರು ಕುಳಿತುಕೊಳ್ಳತಕ್ಕದ್ದು ಎಂಬ ಬಗ್ಗೆ

ಆರೈಕೆ ಕೇಂದ್ರ
ಒಗೆತ ಮತ್ತು ಮಡಿಕೆ ಶಾಖೆ, ನೆಲಮಹಡಿ

ಸಂಖ್ಯೆ: ಒಮಶಾ/ಯಂತ್ರ/ಕುಳಿತು/19
ದಿನಾಂಕ: ಸೋಮವಾರ, ನೆಲ ಒಣಗಿದ ಮೇಲೆ

ಸುತ್ತೋಲೆ

ವಿಷಯ: ಶಾಖೆಯ ಬಟ್ಟೆ ಒಗೆಯುವ ಯಂತ್ರವನ್ನು ಬದಲಾಯಿಸಬೇಕೇ, ಬೇಡವೇ, ಅಥವಾ ಬೇರೆ ಏನನ್ನಾದರೂ ಬದಲಾಯಿಸಿದರೆ ಸಾಕೇ ಎಂಬ ಕುರಿತು.

ಉಲ್ಲೇಖ:
(1) ಒಗೆತದ ನೌಕರರಾದ ದೊಡ್ಡಕ್ಕ ಅವರ ಏಳು ಅರ್ಜಿಗಳು (ಆರು ಕಳೆದುಹೋಗಿವೆ, ಏಳನೆಯದು ಆ ಆರರ ಬಗ್ಗೆ).
(2) ಅಧಿಕಾರಿಗಳು ಒಳಬಂದಾಗ ನೌಕರರು ಎದ್ದು ನಿಲ್ಲುವ ಕುರಿತ ಸುತ್ತೋಲೆ.
(3) ಪರಿಶೀಲನಾ ಸಮಿತಿಯ ಮೂರು ವರದಿಗಳು (ಮೂರನೆಯದು ಒದ್ದೆಯಾಗಿದೆ).

ಮೇಲ್ಕಂಡ ವಿಷಯದಲ್ಲಿ ಶಾಖೆಯು ಹನ್ನೊಂದು ವರ್ಷಗಳಿಂದ ಕಿಂಚಿತ್ತೂ ಆತುರಪಡದೆ ಯೋಚಿಸಿದ್ದು, ಈಗ ತೀರ್ಮಾನಿಸದೆ ಗತ್ಯಂತರವಿಲ್ಲದಂತಾಗಿರುವುದರಿಂದ, ಸಂಬಂಧಪಟ್ಟ ಹಾಗೂ ಸಂಬಂಧಪಡದ ಎಲ್ಲ ನೌಕರರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ.

1. ಸದರಿ ಯಂತ್ರಕ್ಕೆ ಹತ್ತೊಂಬತ್ತು ವರ್ಷ ವಯಸ್ಸಾಗಿದೆ. ನಲವತ್ತು ಹಾಸಿಗೆಗಳ ಹೊದಿಕೆ, ದಿಂಬಿನ ಚೀಲ ಮತ್ತು ರೋಗಿಗಳ ಅಂಗಿಗಳನ್ನು ಅದು ದಿನಕ್ಕೆ ಏಳು ಸಲ ಒಗೆಯುತ್ತದೆ. ಒಗೆಯುವಾಗ ಹಸುವಿನಷ್ಟು ಸಾಧು. ಹಿಂಡುವ ಹಂತ ಬಂತೆಂದರೆ ಹಗ್ಗ ಹರಿದುಕೊಂಡು ಬಾಗಿಲ ಕಡೆ ನುಗ್ಗುತ್ತದೆ. ಈ ಕಾರಣಕ್ಕೆ ನೌಕರರು ಅದನ್ನು "ಗೂಳಿ" ಎಂದು ಕರೆಯುತ್ತಿರುವುದು ಗಮನಕ್ಕೆ ಬಂದಿದ್ದು, ದಾಸ್ತಾನು ಪುಸ್ತಕದಲ್ಲಿ ಜಾನುವಾರುಗಳಿಗೆ ಕಾಲಂ ಇಲ್ಲವಾದ್ದರಿಂದ ಹಾಗೆ ಕರೆಯುವುದನ್ನು ನಿಷೇಧಿಸಲಾಗಿದೆ.

2. ಹಿಂಡುವ ಹಂತದಲ್ಲಿ ಯಂತ್ರವು ಓಡಿಹೋಗದಂತೆ ದೊಡ್ಡಕ್ಕ ಅವರು ಹನ್ನೊಂದು ವರ್ಷಗಳಿಂದ ಅದರ ಮೇಲೆ ಕುಳಿತುಕೊಳ್ಳುತ್ತಿದ್ದಾರೆ. ಕುಳಿತುಕೊಳ್ಳಿ ಎಂದು ಅವರಿಗೆ ಯಾರೂ ಆದೇಶಿಸಿಲ್ಲ. ಏಳಿ ಎಂದೂ ಯಾರೂ ಹೇಳಿಲ್ಲ. ಬೇರೆಯವರಿಂದ ಬರೆಸಿದ ಏಳನೇ ಅರ್ಜಿಯಲ್ಲಿ ಅವರು ಈ ರೀತಿ ನಿವೇದಿಸಿಕೊಂಡಿರುತ್ತಾರೆ: "ಸಾರ್, ನಾನೇನು ಬಂಗಾರ ಕೇಳ್ತಿಲ್ಲ. ನೆಲದ ಮೇಲೆ ನಿಂತ್ಕೊಂಡು ಬಟ್ಟೆ ಒಗೆಯೋ ಹಂಗೆ ಒಂದು ಮೆಷಿನ್ ಕೊಡಿ, ಸಾಕು. ಸೊಂಟ ನನ್ನದೋ ಪಕ್ಕದ ಮನೆಯವರದೋ ಅಂತಾನೇ ಗೊತ್ತಾಗ್ತಿಲ್ಲ. ರಜಾ ದಿನಾನೂ ಮೈ ನಡುಗ್ತಾನೇ ಇರ್ತದೆ. ಮೊಮ್ಮಗಳು ತೊಡೆ ಮೇಲೆ ಬಂದು ಕೂತ್ಕೊಂಡು, 'ಅಜ್ಜೀ, ನೀನಿನ್ನೂ ಆಫ್ ಆಗಿಲ್ವಾ?' ಅಂತ ಕೇಳ್ತಾಳೆ." ಸದರಿ ಮೊಮ್ಮಗಳು ಈ ಕೇಂದ್ರದ ನೌಕರರಲ್ಲದ ಕಾರಣ ಅವರ ಅಭಿಪ್ರಾಯವನ್ನು ಪರಿಗಣಿಸಲಾಗಿರುವುದಿಲ್ಲ.

3. ಅನುದಾನದ ವಿಚಾರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಶಾಖೆಯ ಧೋರಣೆ. ನಲವತ್ತು ಹಾಸಿಗೆಗಳಿದ್ದರೂ ಚಾಚಲು ಅವಕಾಶವಿರುವುದಿಲ್ಲ. ಏಕೆಂದರೆ ಈ ಸಾಲಿನ ಅನುದಾನವನ್ನು, ದೀರ್ಘಕಾಲ ಕುಳಿತೇ ಕೆಲಸ ಮಾಡುವವರ ಸೊಂಟದ ಹಿತದೃಷ್ಟಿಯಿಂದ, ಶಾಖಾಧಿಕಾರಿಗಳಿಗೆ ತಿರುಗುವ ಕುರ್ಚಿ ಖರೀದಿಸಲು ಕಾಯ್ದಿರಿಸಲಾಗಿದೆ. ಹಳೆಯ ಯಂತ್ರದ ದುರಸ್ತಿಗೆ ಕರೆಸಲಾದ ಮೆಕ್ಯಾನಿಕ್ ಹಿಂಬದಿಯ ತಗಡು ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು, "ಇದರೊಳಗೆ ಇರೋದು ಬೇರಿಂಗ್ ಅಲ್ಲ ಸಾರ್, ಬೇರಿಂಗಿನ ನೆನಪು" ಎಂದು ತಿಳಿಸಿ ತಗಡು ಮುಚ್ಚಿರುತ್ತಾರೆ. ಅವರು ಹೇಳಿದ ದುರಸ್ತಿ ವೆಚ್ಚವು ಮೂಗಿಗಿಂತ ಮೂಗುತಿ ಭಾರ ಎಂಬಂತಿತ್ತು. ಹಾಗಾಗಿ ಮೂಗನ್ನೂ ಮೂಗುತಿಯನ್ನೂ ಇದ್ದ ಹಾಗೇ ಬಿಡಲು ತೀರ್ಮಾನಿಸಲಾಯಿತು.

4. ಯಂತ್ರವು ಪೂರ್ಣ ನಿರುಪಯುಕ್ತವೆಂದು ಪರಿಶೀಲನಾ ಸಮಿತಿ ಬರೆದುಕೊಟ್ಟರೆ ಮಾತ್ರ ಹೊಸದನ್ನು ಕೊಳ್ಳಬಹುದಾಗಿದೆ. ಶಾಖಾಧಿಕಾರಿಗಳ ಅಧ್ಯಕ್ಷತೆಯ ಈ ಸಮಿತಿಯು ಎರಡು ಸಲ ಭೇಟಿ ನೀಡಿತು. ಎರಡೂ ಸಲ ದೊಡ್ಡಕ್ಕ ಅವರು, ಬಂದವರ ಮುಂದೆ ಶಾಖೆಯ ಮಾನ ಹೋಗಬಾರದೆಂದು, ಯಂತ್ರವನ್ನು ಒರೆಸಿ, ತಿರುಪುಗಳಿಗೆ ಎಣ್ಣೆ ಬಿಟ್ಟು, ಹಲ್ಲು ಕಚ್ಚಿಕೊಂಡು ಅದರ ಮೇಲೆ ಅಲ್ಲಾಡದೆ ಕುಳಿತರು. ಯಂತ್ರವೂ ಅಲ್ಲಾಡಲಿಲ್ಲ. ಸಮಿತಿಯು "ಸುಸ್ಥಿತಿಯಲ್ಲಿದೆ" ಎಂದು ಷರಾ ಬರೆದು ಚಹಾ ಕುಡಿದು ನಿರ್ಗಮಿಸಿತು. ಆ ಮೇಲೆ ಆಕೆ, "ಅಯ್ಯೋ ನನ್ನ ಬುದ್ಧಿಗಿಷ್ಟು! ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡೆ" ಎಂದು ಹಣೆ ಚಚ್ಚಿಕೊಂಡಿದ್ದನ್ನು ಉಗ್ರಾಣದ ಗುಮಾಸ್ತರು ಕಂಡಿರುತ್ತಾರೆ. ತಡವಾಗಿ ಬಂದ ಬುದ್ಧಿಯನ್ನು ಆವಕ ಪುಸ್ತಕದಲ್ಲಿ ದಾಖಲಿಸುವ ಪದ್ಧತಿ ಇರುವುದಿಲ್ಲ.

5. ಯಂತ್ರವು ಬಾಗಿಲ ಕಡೆಗೇ ಹೋಗುವುದರಿಂದ ನೆಲ ಡೊಂಕಾಗಿರಬಹುದೆಂದು ಒಬ್ಬ ಸದಸ್ಯರು ಸಂಶಯಪಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯುವುದನ್ನು ನಿಲ್ಲಿಸಲಾರದ್ದಕ್ಕೂ ಅದೇ ನೆಪ ಕೊಡಲಾಯಿತು. ನೆಲವನ್ನು ಅಳೆದಾಗ ಸಮತಟ್ಟಾಗಿತ್ತು. ನೆಲಕ್ಕೆ ಎಚ್ಚರಿಕೆ ನೀಡಿ ಬಿಡಲಾಗಿದೆ.

6. ಹಣ ಖರ್ಚಾಗದ ಕ್ರಮವಾಗಿ, ಕುಳಿತುಕೊಳ್ಳುವುದನ್ನೇ ಶಿಸ್ತುಬದ್ಧಗೊಳಿಸಿ ಈ ನಿಯಮಗಳನ್ನು ಜಾರಿಗೆ ತರಲಾಯಿತು:

(ಅ) ಕುಳಿತುಕೊಳ್ಳುವವರ ತೂಕ ಅರವತ್ತೆರಡು ಕಿಲೋಗಿಂತ ಕಡಿಮೆ ಇರಬಾರದು. ಕಡಿಮೆಯಾದಲ್ಲಿ ಒದ್ದೆ ಹೊದಿಕೆಗಳನ್ನು ಹೊದ್ದು ಸರಿದೂಗಿಸತಕ್ಕದ್ದು.

(ಆ) ಯಂತ್ರ ನಡುಗುವಾಗ ಕುಳಿತವರು ನಡುಗಬಹುದು. ಯಂತ್ರ ನಿಂತ ಮೇಲೂ ನಡುಗಿದರೆ ಅದು ಸ್ವಂತ ನಡುಕವೆಂದು ಭಾವಿಸಲಾಗುವುದು.

(ಇ) ಸೀನು ಬಂದಲ್ಲಿ ಲಿಖಿತ ಅನುಮತಿ ಪಡೆದು ಸೀನತಕ್ಕದ್ದು.

(ಈ) ರಜೆ ಬೇಕಾದವರು ತಮ್ಮಷ್ಟೇ ತೂಕದ ಬದಲಿ ವ್ಯವಸ್ಥೆಯನ್ನು ತಾವೇ ಮಾಡಿಕೊಳ್ಳತಕ್ಕದ್ದು. ದೊಡ್ಡಕ್ಕ ಅವರಿಗೆ ಜ್ವರ ಬಂದ ದಿನ ಆಕೆಯ ತೂಕದಷ್ಟು ಬಾಕಿ ಕಡತಗಳನ್ನು ಯಂತ್ರದ ಮೇಲೆ ಇಡಲಾಗಿತ್ತು. ಈ ಶಾಖೆಯ ಇತಿಹಾಸದಲ್ಲಿ ಕಡತಗಳು ಮುಂದಕ್ಕೆ ಹೋದದ್ದು ಅದೇ ಮೊದಲು. ಆ ಪ್ರಯೋಗವನ್ನು ತಕ್ಷಣ ನಿಲ್ಲಿಸಲಾಯಿತು.

7. ಎರಡನೇ ಭೇಟಿಯಲ್ಲಿ ಶಾಖಾಧಿಕಾರಿಗಳು ನಿಂತಿದ್ದಾಗ ಒಬ್ಬ ಒಗೆತದ ನೌಕರರು ಕುಳಿತಿದ್ದು, ಅದೂ ಎತ್ತರದಲ್ಲಿ ಕುಳಿತಿದ್ದು, ಅಧಿಕಾರಿಗಳ ಮನಸ್ಸಿಗೆ ನಾಟಿತು. ಆದ್ದರಿಂದ ಉಲ್ಲೇಖ (2)ರ ಸುತ್ತೋಲೆ ಹೊರಡಿಸಿ, ಅಧಿಕಾರಿಗಳು ಒಳಬಂದ ಕೂಡಲೇ ಯಾವುದೇ ನೌಕರರು, ಯಾವುದೇ ಕೆಲಸದಲ್ಲಿದ್ದರೂ, ಎದ್ದು ಕೈಕಟ್ಟಿ ನಿಲ್ಲತಕ್ಕದ್ದೆಂದೂ, ಅನುಮತಿಯಿಲ್ಲದೆ ಮರಳಿ ಕೂರಬಾರದೆಂದೂ ಆಜ್ಞಾಪಿಸಲಾಯಿತು. ದೊಡ್ಡಕ್ಕ ಅವರು ಅದನ್ನು ಗುಮಾಸ್ತರಿಂದ ಎರಡು ಸಲ ಓದಿಸಿ ಕೇಳಿ, "ಯಾವುದೇ ಕೆಲಸದಲ್ಲಿದ್ರೂ ಅಂತ ಬರೆದಿದೆ ತಾನೆ? ನೋಡಪ್ಪಾ, ಸರಿಯಾಗಿ ನೋಡು" ಎಂದು ಖಚಿತಪಡಿಸಿಕೊಂಡು ಹೆಬ್ಬೆಟ್ಟು ಒತ್ತಿರುತ್ತಾರೆ.

8. ಕಳೆದ ಶುಕ್ರವಾರ ಮೂರನೇ ಭೇಟಿ ನಡೆಯಿತು. ಐವರು ಸದಸ್ಯರು ಒಳಬಂದಾಗ ಯಂತ್ರವು ಹಿಂಡುವ ಹಂತದಲ್ಲಿತ್ತು. ದೊಡ್ಡಕ್ಕ ಅವರು ತಕ್ಷಣ ಇಳಿದು, ಗೋಡೆ ಬದಿಗೆ ಸರಿದು, ಅತ್ಯಂತ ವಿನಯದಿಂದ ಕೈಕಟ್ಟಿ ನಿಂತರು. ಯಂತ್ರವು ಯಾವ ವಿನಯವನ್ನೂ ತೋರಲಿಲ್ಲ. ನೀರಿನ ಕೊಳವೆ ಕಿತ್ತುಕೊಂಡು, ಸಾಬೂನು ಪುಡಿಯ ಡಬ್ಬ ಉರುಳಿಸಿ, ಬಾಗಿಲಿಗೆ ಅಡ್ಡಲಾಗಿ ನಿಂತಿತು. ಸಮಿತಿಯು ಒಂದೂವರೆ ತಾಸು ನೊರೆಯಲ್ಲಿ ಉಳಿಯಬೇಕಾಯಿತು. "ಹಿಡ್ಕೊಳ್ರೀ ಅದನ್ನ!" ಎಂದು ಅಧ್ಯಕ್ಷರು ಕೂಗಿದಾಗ ಆಕೆ, "ಕೂತ್ರೇನೆ ಹಿಡಿಯೋಕಾಗೋದು ಸಾರ್. ತಾವು ಇರೋವಾಗ ಹೆಂಗೆ ಕೂರ್ಲಿ?" ಎಂದು ಉತ್ತರಿಸಿರುತ್ತಾರೆ.

9. ವಿಚಾರಣೆ ನಡೆಸಲಾಗಿದೆ. ದೊಡ್ಡಕ್ಕ ಅವರ ಮೇಲೆ ಕ್ರಮ ಜರುಗಿಸಲು ಶಾಖೆಯು ಮನಸಾರೆ ಬಯಸಿತ್ತು. ಆದರೆ ಕುಳಿತುಕೊಳ್ಳುವುದು ಆಕೆಯ ಕರ್ತವ್ಯವೆಂದು ಎಲ್ಲಿಯೂ ಬರೆದಿಲ್ಲ, ಎದ್ದು ನಿಲ್ಲುವುದು ಕರ್ತವ್ಯವೆಂದು ಶಾಖೆಯೇ ಬರೆದಿದೆ. ಇನ್ನು ಯಂತ್ರದ ಬಗ್ಗೆ: ಅದು ಯಾರ ನೆರವೂ ಇಲ್ಲದೆ ಹನ್ನೆರಡು ಅಡಿ ಚಲಿಸಿರುವುದರಿಂದ "ಉತ್ತಮ ಚಾಲನಾ ಸ್ಥಿತಿಯಲ್ಲಿದೆ" ಎಂದೇ ಸಮಿತಿ ತೀರ್ಮಾನಿಸಿದೆ. ಆದ್ದರಿಂದ ಹೊಸ ಯಂತ್ರದ ಬೇಡಿಕೆಯನ್ನು ತಿರಸ್ಕರಿಸಲಾಗಿದೆ.

10. ಉಲ್ಲೇಖ (2)ರ ಸುತ್ತೋಲೆಯನ್ನು ಹಿಂಪಡೆದರೆ ಶಾಖೆಯ ಘನತೆಗೆ ಕುಂದುಂಟಾಗುವುದು. ಅದು ಜಾರಿಯಲ್ಲಿರುವವರೆಗೆ, ಯಾರು ಒಳಬಂದರೂ ಏಳಬೇಕಾಗಿಲ್ಲದ ವ್ಯಕ್ತಿಯೇ ಯಂತ್ರದ ಮೇಲೆ ಕೂರಲು ಅರ್ಹರು. ಅಂತಹ ವ್ಯಕ್ತಿ ಈ ಶಾಖೆಯಲ್ಲಿ ಒಬ್ಬರೇ ಇರುತ್ತಾರೆ. ಅವರ ತೂಕ ಎಂಬತ್ತೊಂದು ಕಿಲೋ. ಕಾರಣ, ಇಂದಿನಿಂದ ದಿನಕ್ಕೆ ಏಳು ಸಲವೂ ಶಾಖಾಧಿಕಾರಿಗಳೇ ಕುಳಿತುಕೊಳ್ಳತಕ್ಕದ್ದೆಂದು, ನಿಯಮಗಳಲ್ಲಿ ಬೇರೆ ದಾರಿ ಕಾಣದ ಕಾರಣ, ಈ ಮೂಲಕ ಆದೇಶಿಸಲಾಗಿದೆ.

ಹಿಂಬರಹ (ಅದೇ ದಿನ, ಇಪ್ಪತ್ತು ನಿಮಿಷಗಳ ನಂತರ):

ಮೊದಲ ಸುತ್ತಿನ ಹಿಂಡುವ ಹಂತದಲ್ಲಿ ದೊಡ್ಡಕ್ಕ ಅವರು ಪಕ್ಕದಲ್ಲಿ, ನಿಯಮಾನುಸಾರ ನಿಂತುಕೊಂಡೇ, "ಕಾಲು ಎರಡೂ ಕಡೆ ಇಳಿಬಿಡಿ ಸಾರ್. ಮಾತಾಡಬೇಡಿ, ನಾಲಿಗೆ ಸಿಕ್ಕೊಳ್ತದೆ. ಇನ್ನೇನು ಹನ್ನೊಂದೇ ನಿಮಿಷ" ಎಂದು ಮಾರ್ಗದರ್ಶನ ನೀಡಿದರು. ನಾಲ್ಕನೇ ನಿಮಿಷದಲ್ಲಿ ಯಂತ್ರವು ಪೂರ್ಣ ನಿರುಪಯುಕ್ತವೆಂದು ಘೋಷಿಸಲ್ಪಟ್ಟಿತು. ಕಲಂ 9ರ ಕೊನೆಯ ವಾಕ್ಯವನ್ನು ರದ್ದುಪಡಿಸಲಾಗಿದೆ. ತಿರುಗುವ ಕುರ್ಚಿಯ ಖರೀದಿಯನ್ನು ಕೈಬಿಟ್ಟು, ಆ ಹಣದಲ್ಲಿ ಹೊಸ ಯಂತ್ರವನ್ನು ಅತಿ ಜರೂರಾಗಿ ತರಿಸತಕ್ಕದ್ದು. ಹನ್ನೊಂದು ವರ್ಷ ಸಿಗದಿದ್ದ ಅನುದಾನವು ನಾಲ್ಕು ನಿಮಿಷದಲ್ಲಿ ಹೇಗೆ ದೊರೆಯಿತೆಂದು ಯಾರೂ ಪ್ರಶ್ನಿಸತಕ್ಕದ್ದಲ್ಲ. ಹೊಸದು ಬರುವವರೆಗಿನ ಒಂಬತ್ತು ದಿನಗಳಿಗೆ ಕಲಂ 10 ಯಥಾವತ್ತಾಗಿ ಅನ್ವಯಿಸುವುದು.

(ಸಹಿ ಓದಲು ಬರುವುದಿಲ್ಲ)
ಶಾಖಾಧಿಕಾರಿ
ಒಗೆತ ಮತ್ತು ಮಡಿಕೆ ಶಾಖೆ
ಷರಾ: ಸಹಿಯನ್ನು ಯಂತ್ರದ ಮೇಲಿಂದಲೇ ಮಾಡಲಾಗಿದೆ.

ಪ್ರತಿಗಳು:
1. ಪರಿಶೀಲನಾ ಸಮಿತಿಯ ಸದಸ್ಯರಿಗೆ, ಬಟ್ಟೆ ಒಣಗಿದ ನಂತರ ಓದಿಕೊಳ್ಳಲು.
2. ಮೆಕ್ಯಾನಿಕ್‌ಗೆ, ಬೇರಿಂಗಿನ ನೆನಪನ್ನು ತೆಗೆದುಕೊಂಡು ಹೋಗಲು.
3. ಉಗ್ರಾಣದ ಗುಮಾಸ್ತರಿಗೆ, ನಗುವುದನ್ನು ನಿಲ್ಲಿಸಲು.
4. ನೆಲಕ್ಕೆ, ಹಿಂದೆ ನೀಡಿದ ಎಚ್ಚರಿಕೆಯನ್ನು ಹಿಂಪಡೆಯಲಾಗಿದೆ.
5. ದೊಡ್ಡಕ್ಕ ಅವರಿಗೆ, ಏಳನೇ ಅರ್ಜಿಗೆ ಉತ್ತರವಾಗಿ. ಉಳಿದ ಆರು ಯಂತ್ರದ ಕೆಳಗೆ ಸಿಕ್ಕಿವೆ. ಅದು ಅಲ್ಲಾಡದಿರಲೆಂದು ಅವುಗಳನ್ನು ಮಡಿಚಿ ಅದರ ಕಾಲಿಗೆ ಒತ್ತಾಗಿ ಇಡಲಾಗಿತ್ತು.
6. ಅವರ ಮೊಮ್ಮಗಳಿಗೆ, ಈ ಕೇಂದ್ರದ ನೌಕರರಲ್ಲದಿದ್ದರೂ, ಮಾಹಿತಿಗಾಗಿ: ಅಜ್ಜಿ ಇಂದಿನಿಂದ ಆಫ್ ಆಗಿರುತ್ತಾರೆ. ತೊಡೆಯ ಮೇಲೆ ಕುಳಿತು ಖಾತ್ರಿಪಡಿಸಿಕೊಳ್ಳಬಹುದು.