ಗಾಳಿಯಲ್ಲಿ ಕರಿಯಬಾರದ ಪದಾರ್ಥಗಳು

ಯಾವ ಯಂತ್ರ ಕೊಂಡರೂ ಅದರ ಜೊತೆ ಒಂದು ಪುಟ್ಟ ಪುಸ್ತಕ ಬರುತ್ತದೆ. ಏನೇನು ಮಾಡಬಹುದು ಅನ್ನುವುದಕ್ಕೆ ಅದರಲ್ಲಿ ಬಣ್ಣಬಣ್ಣದ ಚಿತ್ರಗಳಿರುತ್ತವೆ. ಏನೇನು ಮಾಡಬಾರದು ಅನ್ನುವುದು ಮಾತ್ರ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇರುತ್ತದೆ. ನಾನು ನಂಜನಗೂಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. "ಮೊದಲು ಸೂಚನೆ ಓದಿ, ಆಮೇಲೆ ಕೈ ಹಾಕಿ" ಅಂತ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಮಕ್ಕಳಿಗೆ ಹೇಳಿ ಹೇಳಿ ನನ್ನ ಗಂಟಲು ಸವೆದಿದೆ. ಆದರೂ ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಕೊನೆಯ ಪುಟವನ್ನು ನಾನು ಈ ಜನ್ಮದಲ್ಲಿ ಒಮ್ಮೆಯೂ ಓದಿದವನಲ್ಲ. ಓದಿದ್ದರೆ ಈಗ ಹೇಳಹೊರಟಿರುವ ಯಾವುದೂ ನಡೆಯುತ್ತಿರಲಿಲ್ಲ. ನಡೆಯದಿದ್ದರೆ ಒಳ್ಳೆಯದಾಗುತ್ತಿತ್ತೋ ಇಲ್ಲವೋ, ಅದನ್ನು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ನನ್ನ ಅಕ್ಕ ಗೌರಮ್ಮನನ್ನು ಕೊಟ್ಟಿರುವುದು ತಿ. ನರಸೀಪುರಕ್ಕೆ. ಭಾವ ಸಿದ್ದರಾಜು ಅಡುಗೆ ಕಂಟ್ರಾಕ್ಟರು. ಅತ್ತ ಬನ್ನೂರಿನಿಂದ ಇತ್ತ ಮೂಗೂರಿನವರೆಗೆ ಮದುವೆ, ಬೀಗರೂಟ, ನಾಮಕರಣ ಯಾವುದೇ ಇರಲಿ, ಛತ್ರ ಗೊತ್ತು ಮಾಡುವುದಕ್ಕೆ ಮುಂಚೆ ಜನ ಅವರಿಗೆ ಫೋನು ಮಾಡುತ್ತಿದ್ದರು. ಹತ್ತು ಬಗೆ ಮಾಡಿದರೂ ಅವರ ಹೆಸರು ನಿಂತಿದ್ದು ಬೋಂಡ, ಬಜ್ಜಿಯ ಮೇಲೆ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಅವರು ಬಗ್ಗಿ ನೋಡುತ್ತಿರಲಿಲ್ಲ. ಒಂದು ಹನಿ ಹಿಟ್ಟು ಬಿಟ್ಟು, ಬೇರೆ ಕಡೆ ಮುಖ ಮಾಡಿ ಕಿವಿ ಕೊಡುತ್ತಿದ್ದರು. "ಎಣ್ಣೆ ಮಾತಾಡ್ತದೆ ಕಣ್ಲಾ ಮಾದೇವ, ಕೇಳಿಸ್ಕಬೇಕು ಅಷ್ಟೆ" ಅನ್ನುತ್ತಿದ್ದರು. ಉಷ್ಣಮಾಪಕದ ಪಾಠ ಮಾಡುವ ನನಗೆ ಇದು ಒಂದು ಬಗೆಯ ಅವಮಾನವಾಗಿ ಕಾಣುತ್ತಿತ್ತು. ಆದರೆ ಬೋಂಡ ಬಾಯಿಗೆ ಬಿದ್ದ ಮೇಲೆ ಉಷ್ಣಮಾಪಕದ ನೆನಪು ಯಾರಿಗಿರುತ್ತದೆ?

ಸೋಮನಾಥಪುರದ ಒಂದು ಮದುವೆಯಲ್ಲಿ ಬಾಣಲೆಯ ಮುಂದೆ ನಿಂತಿದ್ದ ಭಾವ ಎದೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. ಮೈಸೂರಿಗೆ ಕರೆದೊಯ್ದು ಸ್ಟೆಂಟ್ ಹಾಕಿಸಿದ್ದಾಯಿತು. ಒಂದು ತಿಂಗಳು ಕಳೆದ ಮೇಲೆ ಡಾಕ್ಟರು, "ಎಣ್ಣೆ ಪದಾರ್ಥ ತಿನ್ನಬೇಡಿ. ಉಳಿದಂತೆ ಎದ್ದು ಓಡಾಡಿ, ಹಗುರವಾದ ಕೆಲಸ ಮಾಡಿಕೊಂಡಿರಿ" ಅಂದರು. ಭಾವ ಮೊದಲನೆಯದನ್ನು ಪಾಲಿಸಿದರು, ಎರಡನೆಯದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಫೋನು ಆಫ್ ಮಾಡಿ ದಿಂಬಿನ ಕೆಳಗಿಟ್ಟರು. ಅಡುಗೆ ಹೇಳಲು ಮನೆ ಬಾಗಿಲಿಗೆ ಬಂದವರನ್ನು ಅಕ್ಕ ಏನೋ ಒಂದು ಹೇಳಿ ಕಳಿಸುತ್ತಿದ್ದಳು. "ಊಟ ಅಂದ್ರೆ ಊಟ, ನೀರು ಅಂದ್ರೆ ನೀರು. ಬ್ಯಾರೆ ಮಾತೇ ಇಲ್ಲ ಕಣೋ. ನಂಗೆ ಬಯ ಆಯ್ತದೆ" ಅಂತ ಫೋನಿನಲ್ಲಿ ಅತ್ತಳು.

ನಾನು ಯೋಚಿಸಿದೆ. ವಿಜ್ಞಾನದ ಮೇಷ್ಟ್ರು ಯೋಚಿಸಿದರೆ ಕಾರಣ ಹೊಳೆಯಲೇಬೇಕಲ್ಲ, ಹೊಳೆಯಿತು. ಕರಿದದ್ದನ್ನು ಬಿಡಬೇಕಾಯಿತಲ್ಲ ಅನ್ನುವ ಕೊರಗು ಅವರಿಗೆ! ಎಣ್ಣೆಯಿಲ್ಲದೆ ಕರಿಯುವ ಯಂತ್ರ ತಂದುಕೊಟ್ಟರೆ ಕೊರಗು ಹೋಗುತ್ತದೆ, ಭಾವ ಏಳುತ್ತಾರೆ. ನನ್ನ ಹೆಂಡತಿ ರೂಪ, "ನೀವು ಇಲ್ಲೀತನಕ ಹಾಲು ಉಕ್ಕದಂತೆ ಕಾಸಿದ್ದೇ ಇಲ್ಲ. ಅವರ ಮುಂದೆ ಹೋಗಿ ಅಡುಗೆ ಮಾಡ್ತೀರಾ?" ಅಂದಳು. ಅಡುಗೆ ಮಾಡುವುದು ಯಂತ್ರ, ನಾನಲ್ಲ ಅಂತ ಅವಳಿಗೆ ಸಮಾಧಾನ ಹೇಳಿ, ಒಂದು ಭಾನುವಾರ ಬೆಳಿಗ್ಗೆ ಏರ್ ಫ್ರೈಯರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ನರಸೀಪುರದ ಬಸ್ಸು ಹತ್ತಿದೆ.

ಆ ದಿನ ಮಾಡಿದ್ದು ಬಾಳೆಕಾಯಿ ಬಜ್ಜಿ. ಅಕ್ಕ ಹಿಟ್ಟು ಕಲಸಿಕೊಟ್ಟಳು. ಬಾಳೆಕಾಯಿ ಬಿಲ್ಲೆಗಳನ್ನು ಅದರಲ್ಲಿ ಅದ್ದಿ, ಯಂತ್ರದ ತೂತಿನ ಬುಟ್ಟಿಯಲ್ಲಿ ಜೋಡಿಸಿ, ಗುಂಡಿ ತಿರುಗಿಸಿ, ಕೈ ಕಟ್ಟಿ ನಿಂತೆ. ನೀರುಹಿಟ್ಟು ತೂತಿನಿಂದ ಕೆಳಗಿಳಿಯುತ್ತದೆ ಅನ್ನುವುದನ್ನು ಊಹಿಸಲು ಆರನೇ ಕ್ಲಾಸು ಸಾಕು. ನನಗೆ ಹೊಳೆಯಲಿಲ್ಲ. ಅರ್ಧ ಹಿಟ್ಟು ಕೆಳಗಿಳಿದು ತಳದಲ್ಲಿ ಸುಟ್ಟಿತು. ಉಳಿದರ್ಧವನ್ನು ಒಳಗಿನ ಫ್ಯಾನು ಸುತ್ತಲೂ ಎರಚಿತು. ಅಡುಗೆಮನೆಯ ತುಂಬ ಹೊಗೆ, ಕಡಲೆಹಿಟ್ಟು ಕರಕಲಾದ ವಾಸನೆ. ನಾನು ಪ್ಲಗ್ಗು ಕೀಳುವಷ್ಟರಲ್ಲಿ ಕೋಣೆಯಿಂದ ಗುಡುಗಿದಂತೆ ದನಿ ಬಂತು.

"ಯಾವನ್ಲಾ ಅವನು, ಕಡ್ಲೆಇಟ್ಟು ಸುಡ್ತಾ ಇರೋನು?"

ಅಕ್ಕ ಹೊಗೆಯ ನಡುವೆಯೇ ನನ್ನ ತೋಳು ಹಿಡಿದುಕೊಂಡಳು. ಎಷ್ಟೋ ದಿನದಿಂದ ಗಂಡನ ಬಾಯಿಂದ ಅವಳು ಕೇಳಿದ ಮೊದಲ ಪೂರ್ತಿ ಮಾತು ಅದು. ಭಾವ ಲುಂಗಿ ಸರಿಮಾಡಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಇಳಿದುಹೋಗಿದ್ದರು, ಗಡ್ಡ ಬಂದಿತ್ತು. ಬುಟ್ಟಿಯನ್ನು ಎಳೆದು ನೋಡಿದರು. ಸತ್ತವರ ಮನೆಯಲ್ಲಿ ಹೆಣ ನೋಡುವವರ ಮುಖ.

"ಇದೇನ್ಲಾ ಇದು, ಕಂಬ್ಳಿ ಉಳ ಆದಂಗೆ ಆಗದೆ?"

"ಬಜ್ಜಿ, ಭಾವ."

"ನೀರಿಟ್ಟು ಬಿದ್ದೇಟ್ಗೆ ಎಣ್ಣೆ ಅದನ್ನ ಅಪ್ಕೊಂಡು ಇಡ್ಕತದೆ. ಗಾಳಿ ಇಡ್ಕತದೇನ್ಲಾ? ಮಕ್ಕಳ್ಗೆ ಏನ್ ಪಾಠ ಯೋಳ್ತೀಯೆ ನೀನು?" ಅಂದವರು ಚಾಕು ತೆಗೆದುಕೊಂಡು, ಕರಕಲನ್ನು ತಾವೇ ಕೆರೆದು, ಬುಟ್ಟಿ ತೊಳೆದಿಟ್ಟರು. ಆಮೇಲೆ ನಮ್ಮ ಜೊತೆ ನೆಲದ ಮೇಲೆ ಕೂತು ಊಟ ಮಾಡಿದರು. ಊಟವಾದ ಮೇಲೆ ಮತ್ತೆ ಗೋಡೆಯ ಕಡೆ ತಿರುಗಿದರು.

ಮುಂದಿನ ಭಾನುವಾರ ನಾನು ತಪ್ಪು ತಿದ್ದಿಕೊಳ್ಳಲು ಹೋದೆ. ಹಸಿ ಹಿಟ್ಟು ಆಗದು ಅಂದರೆ ಒಣಗಿದ್ದು ಆಗಲೇಬೇಕಲ್ಲ? ಹಪ್ಪಳ ಕೊಂಡೊಯ್ದೆ. ಹಪ್ಪಳದಲ್ಲಿ ಸೋರುವುದಕ್ಕೆ ಏನಿದೆ? ಗುಂಡಿ ತಿರುಗಿಸಿದ್ದೇ ತಡ, ಫ್ಯಾನಿನ ಗಾಳಿಗೆ ಹಪ್ಪಳ ಎದ್ದು ಹಾರಿ, ಮೇಲೆ ಕೆಂಪಗೆ ಕಾದ ಸುರುಳಿಗೆ ಹೋಗಿ ಅಂಟಿಕೊಂಡಿತು. ಸಣ್ಣಗೆ ಬೆಂಕಿಯೂ ಕಾಣಿಸಿತು. ನಾನು ಕಿರುಚಿ ಪ್ಲಗ್ಗು ಕಿತ್ತೆ. ಹಿಂದೆ ತಿರುಗಿ ನೋಡಿದರೆ ಭಾವ ಆಗಲೇ ಬಾಗಿಲಲ್ಲಿದ್ದರು. ಹೊಗೆ ಕೋಣೆ ತಲುಪುವ ಮೊದಲೇ ಬಂದಿದ್ದರು. ಅಂದರೆ ಮಂಚದ ಅಂಚಿನಲ್ಲಿ ಎದ್ದು ಕೂತು ಕಿವಿ ಕೊಟ್ಟಿದ್ದರು ಅಂತ ನನಗೆ ಆಮೇಲೆ ತಿಳಿಯಿತು.

"ಅಪ್ಪಳ ಆರೋಯ್ತಾ?" ಅಂದರು.

ನಾನು ಮರ್ಯಾದೆ ಉಳಿಸಿಕೊಳ್ಳಲು ಉಷ್ಣ ಸಂವಹನದ ಪಾಠ ಶುರು ಮಾಡಿದೆ. ಬಿಸಿಗಾಳಿ ಹೇಗೆ ಸುತ್ತುತ್ತದೆ, ಯಾಕೆ ಸುತ್ತುತ್ತದೆ, ಎಲ್ಲ. ಭಾವ ಅಡ್ಡ ಮಾತಾಡದೆ ಕೇಳಿದರು. ಕೊನೆಗೆ, "ಅಂಗಾದ್ರೆ ಅಗುರಾದ್ದು ಯಾವ್ದೂ ಇದ್ರೊಳ್ಗೆ ನಿಲ್ಲಕಿಲ್ಲ. ಸೊಪ್ಪೂ ನಿಲ್ಲಕಿಲ್ಲ, ಕರಿಬೇವೂ ನಿಲ್ಲಕಿಲ್ಲ. ಅಲ್ವಾ?" ಅಂದರು. ಅಷ್ಟು ವರ್ಷ ಪಾಠ ಮಾಡಿದ ನಾನು ಹಪ್ಪಳ ಹಾರಿದ ಮೇಲೆ ಕಲಿತದ್ದನ್ನು ಅವರು ಸೊಪ್ಪು ಹಾರುವ ಮುಂಚೆಯೇ ಹೇಳಿದ್ದರು. ನನ್ನ ಕೈಚೀಲದಲ್ಲಿ ಮುಂದಿನ ಪ್ರಯೋಗಕ್ಕೆಂದು ರೂಪ ಬಿಡಿಸಿಕೊಟ್ಟಿದ್ದ ನುಗ್ಗೆ ಸೊಪ್ಪಿತ್ತು. ಅದನ್ನು ಹಾಗೇ ವಾಪಸು ತಂದೆ.

ಆ ಸಂಜೆ ಅಕ್ಕ ಬಸ್‌ಸ್ಟ್ಯಾಂಡಿನವರೆಗೂ ಬಂದಳು. ಏನೋ ಕೇಳಬೇಕು ಅಂತಿದ್ದಾಳೆ ಅಂತ ಅವಳ ಮುಖವೇ ಹೇಳುತ್ತಿತ್ತು.

"ಮುಂದಿನ ಬಾನುವಾರನೂ ಬಾ ಕಣೋ."

"ಬರ್ತೀನಿ ಅಕ್ಕ. ಆ ಪುಸ್ತಕ ಓದಿಕೊಂಡು ಸರಿಯಾಗಿ ಮಾಡ್ತೀನಿ."

"ಬ್ಯಾಡ, ಬ್ಯಾಡ. ಸರಿಯಾಗ್ ಮಾಡ್ಬ್ಯಾಡ" ಅಂತ ಅವಳು ಗಾಬರಿಯಾದಳು. "ಇನ್ನೇನಾದ್ರೂ ಕೆಡಿಸು. ವಾರವೆಲ್ಲ ಎಣದಂಗೆ ಬಿದ್ದಿರ್ತಾರೆ. ನೀನ್ ಬಂದು ಏನಾರಾ ಸುಟ್ರೆ ಎದ್ ಬತ್ತಾರೆ. ಇವತ್ ಬೆಳಿಗ್ಗೆ ನೀನ್ ಬತ್ತೀಯೆ ಅಂತ ತಾವೇ ಸ್ನಾನ ಮಾಡುದ್ರು ಕಣಪ್ಪ."

ಅಡುಗೆ ಮಾಡಿ ಭಾವನನ್ನು ಎಬ್ಬಿಸಲು ಬಂದವನಿಗೆ, ಕೆಡಿಸುವುದಕ್ಕೆ ಕರೆ ಬಂದಿತ್ತು. ಅದೂ ಒಡಹುಟ್ಟಿದವಳಿಂದ.

ಮೂರನೆಯ ಭಾನುವಾರ ನಾನು ಕೆಡಿಸಬೇಕೆಂದೇ ಹೊರಟೆ. ಬುಟ್ಟಿಯ ಬಾಯಿ ಮುಚ್ಚುವಷ್ಟು ತುಂಬಿದರೆ ಗಾಳಿ ಆಡದು, ಒಂದು ಕಡೆ ಸೀದು ಒಂದು ಕಡೆ ಹಸಿಯಾಗುತ್ತದೆ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದರು. ಪುಟ್ಟ ಬದನೆಕಾಯಿಗಳನ್ನು ಇಡಿಯಾಗಿ ಒತ್ತೊತ್ತಾಗಿ ತುಂಬಿ, ಕಾವನ್ನು ಕೊನೆಯವರೆಗೂ ತಿರುಗಿಸಿ, ಹೊಗೆಗೆ ಕಾದು ನಿಂತೆ. ಹೊಗೆ ಬರಲಿಲ್ಲ. ಯಂತ್ರ ಟಿಣ್ ಅಂದಿತು. ಎಳೆದು ನೋಡಿದರೆ ಕೆಂಡದಲ್ಲಿ ಸುಟ್ಟಂತೆ ಹದವಾಗಿ ಬೆಂದ ಬದನೆಕಾಯಿ. ಸಿಪ್ಪೆ ತಾನಾಗಿ ಬಿಡುತ್ತಿತ್ತು. ಪರಿಮಳ ಹೇಗಿತ್ತೆಂದರೆ, ಇನ್ನೊಂದು ದಿನವಾಗಿದ್ದರೆ ನಾನು ಫೋಟೋ ತೆಗೆದು ರೂಪಳಿಗೆ ಕಳಿಸುತ್ತಿದ್ದೆ.

ಕೋಣೆಯಲ್ಲಿ ಸದ್ದಿಲ್ಲ. ಅಕ್ಕ ನನ್ನನ್ನು ನುಂಗುವಂತೆ ನೋಡಿದಳು.

"ಇವತ್ತೇ ಸರಿಯಾಗ್ ಮಾಡ್ಬೇಕಿತ್ತಾ ನೀನು?"

ಇನ್ನೇನು ಕೆಡಿಸಲಿ ಅಂತ ಅಡುಗೆಮನೆಯಲ್ಲೆಲ್ಲ ಕಣ್ಣಾಡಿಸಿದೆ. ಏನೂ ತೋಚಲಿಲ್ಲ. ಯೋಚನೆ ಮಾಡುವಷ್ಟು ಹೊತ್ತು ಯಂತ್ರ ಸುಮ್ಮನಿರುವುದೇಕೆ ಅಂತ, ಬೆಳಿಗ್ಗೆ ಮಾಡಿ ತಣ್ಣಗಾಗಿದ್ದ ರಾಗಿಮುದ್ದೆಯನ್ನು ಊಟಕ್ಕೆ ಬಿಸಿಯಾಗಲಿ ಎಂದು ಅದರೊಳಗಿಟ್ಟೆ. ಇದನ್ನು ನಾನು ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ, ದಯವಿಟ್ಟು ನಂಬಿ. ಕಾವು ಇನ್ನೂ ಕೊನೆಯಲ್ಲೇ ಇತ್ತು, ಅದನ್ನು ಮರೆತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ತೆಗೆದು ತಟ್ಟೆಗೆ ಹಾಕಿದರೆ, ಕಲ್ಲು ಬಿದ್ದಂತೆ ಠಣ್ ಅಂತ ಸದ್ದಾಯಿತು. ಮುದ್ದೆ ತಟ್ಟೆಯಿಂದ ಪುಟಿದು, ನೆಲಕ್ಕೆ ಬಿದ್ದು, ಹೊಸಿಲು ದಾಟಿ, ಉರುಳಿಕೊಂಡು ಹೋಗಿ ಭಾವನ ಮಂಚದ ಕಾಲಿಗೆ ಬಡಿಯಿತು.

ಭಾವ ಎದ್ದು ಕೂತರು. ಬಗ್ಗಿ ಅದನ್ನು ಕೈಗೆತ್ತಿಕೊಂಡರು. ಮಂಚದ ಪಟ್ಟಿಗೆ ಎರಡು ಸಲ ಕುಟ್ಟಿ ನೋಡಿದರು.

"ಮುದ್ದೆ ಏನ್ಲಾ ಇದು?"

"ಹೌದು ಭಾವ. ಬಿಸಿ ಮಾಡೋಣ ಅಂತ…"

ಅವರು ನಗಲು ಶುರು ಮಾಡಿದರು. ಎದೆಯ ಮೇಲೆ ಒಂದು ಕೈ, ಇನ್ನೊಂದರಲ್ಲಿ ಮುದ್ದೆ. ಮೈಯೆಲ್ಲ ಕುಲುಕುವಂತೆ ನಕ್ಕರು. ಅವರು ಎದೆ ಹಿಡಿದಿದ್ದನ್ನು ನೋಡಿ ಅಕ್ಕ ಓಡಿಬಂದಳು. ನಗು ಅಂತ ತಿಳಿದ ಮೇಲೆ ಗೋಡೆಗೆ ಒರಗಿ ಅತ್ತಳು. ಅವಳ ಅಳು ಕಂಡು ಭಾವನ ನಗು ನಿಂತಿತು.

"ಯಾಕ್ ಭಾವ, ಏಳೋದೇ ಇಲ್ಲ ಅಂತ ಮಲಗಿಬಿಟ್ರಿ?" ಅಂತ ಕೇಳಿದೆ. ಕೇಳಬೇಕಾದದ್ದನ್ನು ಮೊದಲನೇ ದಿನವೇ ಕೇಳದೆ ನಾನು ಯಂತ್ರ ಹೊತ್ತು ತಿರುಗಿದ್ದೆ.

ಭಾವ ಮುದ್ದೆಯನ್ನು ಮಂಚದ ಮೇಲಿಟ್ಟರು. "ಆವತ್ತು ಎರಡ್ನೇ ಪಂಕ್ತಿಗೆ ಬೋಂಡ ಇಲ್ದೇ ಓಯ್ತು ಕಣ್ಲಾ" ಅಂದರು. "ಒಂದ್ ಪಂಕ್ತಿಗೆ ಇಕ್ಕಿದ್ದೋ ಅಷ್ಟೆ. ಇನ್ನೊಂದ್ ಪಂಕ್ತೀನವ್ರು ಎಲೆ ಮುಂದೆ ಕೂತವ್ರೆ. ನಾನ್ ಬಿದ್ದೋದೆ. ಸಾಯೋದ್ ಬುಡು, ಎಲ್ರೂ ಸಾಯ್ತೀವಿ. ಯಾರ್ದೋ ಮನೆ ಮದ್ವೆ ಊಟ ಕೆಡಿಸ್ಬುಟ್ಟೆ. ಇನ್ನೊಬ್ಬರ್ ಮನೇಲಿ ಇಂಗೇ ಆದ್ರೆ? ಅದ್ಕೇ ಪೋನ್ ಆಫ್ ಮಾಡಿ ಮಡಗ್ದೆ."

ಕೊರಗು ಬಜ್ಜಿ ತಿನ್ನಲಾರದ್ದಕ್ಕಲ್ಲ, ಬಡಿಸಲಾಗದೆ ಹೋದದ್ದಕ್ಕೆ. ಅಕ್ಕ ಕಣ್ಣು ಒರೆಸಿಕೊಂಡು ಅಂದಳು:

"ಬೋಂಡ ಇಲ್ಲಾಂತ ಯಾರೂ ಎದ್ದೋಗ್ಲಿಲ್ಲ. ನಿಮ್ಮುನ್ನ ಎತ್ಕಂಡ್ ಕಾರ್ಗೆ ಆಕಿದ್ದು ಅದೇ ಎರಡ್ನೇ ಪಂಕ್ತೀನವ್ರು, ಎಂಜಲ್ ಕೈಲೇ. ಅಲ್ಲಿ ಬಿದ್ರೆ ಎತ್ತಕ್ಕೆ ಅಷ್ಟ್ ಜನ ಅವ್ರೆ. ಇಲ್ಲಿ ಬಿದ್ದಿದ್ದೀರಲ್ಲ, ಎತ್ತಕ್ಕೆ ನಾನೊಬ್ಳೇ ಕಣ್ರೀ."

ಭಾವ ದಿಂಬಿನ ಕೆಳಗಿಂದ ಫೋನು ತೆಗೆದು ಚಾರ್ಜಿಗೆ ಹಾಕಿದರು. ಅದು ಜೀವ ಬಂದು ಟುಂಯ್ ಟುಂಯ್ ಅನ್ನತೊಡಗಿತು. ಸೋಮನಾಥಪುರದ ಹೆಣ್ಣಿನ ತಂದೆಯೇ ಎಷ್ಟೋ ಸಲ ಫೋನು ಮಾಡಿದ್ದರು, ವಾಯ್ಸ್ ಮೆಸೇಜು ಕಳಿಸಿದ್ದರು. "ಸಿದ್ರಾಜಣ್ಣ, ಎಂಗಿದ್ದೀರಾ? ಒಂದ್ ಮಾತಾಡಿ." ಪ್ರತಿಯೊಂದರಲ್ಲೂ ಅದೇ. ಒಂದರಲ್ಲೂ ಬೋಂಡದ ಸುದ್ದಿ ಇರಲಿಲ್ಲ. ಭಾವ ಎಲ್ಲವನ್ನೂ ಕೇಳಿಸಿಕೊಂಡರು, ಕೆಲವನ್ನು ಎರಡೆರಡು ಸಲ. ಆಮೇಲೆ ಎದ್ದು ಅಡುಗೆಮನೆಗೆ ಬಂದು, ಬದನೆಕಾಯಿ ಸಿಪ್ಪೆ ಸುಲಿದು, ಹಸಿಮೆಣಸು ಕಿವುಚಿ ಗೊಜ್ಜು ಮಾಡಿದರು. ಎಣ್ಣೆ ಹಾಕಲಿಲ್ಲ. ಅಂಥ ಗೊಜ್ಜನ್ನು ನಾನು ಬೇರೆಲ್ಲೂ ತಿಂದಿಲ್ಲ.

ಎರಡು ತಿಂಗಳ ಮೇಲೆ ಬನ್ನೂರಿನಲ್ಲಿ ಒಂದು ನಾಮಕರಣದ ಅಡುಗೆ ಒಪ್ಪಿಕೊಂಡರು. ಡಾಕ್ಟರು ಒಲೆಯ ಮುಂದೆ ನಿಲ್ಲಬಾರದು ಅಂದಿದ್ದರಿಂದ ದೂರ ಕುರ್ಚಿ ಹಾಕಿಸಿಕೊಂಡು, ಬಾಣಲೆಗೆ ಬೆನ್ನು ಮಾಡಿ ಕೂತರು. ಕರಿಯುವವನಿಗೆ ಕೂತಲ್ಲಿಂದಲೇ, "ಉರಿ ತಗ್ಸು… ಈಗ ಬುಡು… ಎತ್ತು" ಅನ್ನುತ್ತಿದ್ದರು. ಎರಡು ಪಂಕ್ತಿಗೂ ಬೋಂಡ ಸಾಕಾಯಿತು. ಮೂರನೆಯದಕ್ಕೂ ಉಳಿಯಿತು. ಭಾವ ಒಂದನ್ನೂ ಮುಟ್ಟಲಿಲ್ಲ, ಎಲೆ ಎಲೆಯ ಮುಂದೆ ಹೋಗಿ ನಿಂತು ತಿನ್ನುವವರ ಮುಖ ನೋಡಿದರು.

ನಾನೂ ರೂಪಳೂ ಹೋಗಿದ್ದೆವು. ಊಟವಾದ ಮೇಲೆ ಅಕ್ಕ ಹೆಂಗಸರ ನಡುವೆ ಕೂತು ನನ್ನ ಕಥೆ ಹೇಳುತ್ತಿದ್ದಳು. "ನನ್ ತಮ್ಮ ಸೈನ್ಸ್ ಮೇಷ್ಟ್ರು. ಆ ಮಿಷನ್‌ಗೆ ಏನ್ ಆಕ್ಬಾರ್ದು ಅಂತ ಅವನ್ಗೆ ಗೊತ್ತಿಲ್ವಾ? ಎಲ್ಲಾ ಗೊತ್ತು. ಬಾವ ಎದ್ದೇಳ್ಲಿ ಅಂತ ಬೇಕ್‌ಬೇಕಂತ್ಲೇ ಪೆದ್ದನಂಗೆ ನಾಟ್ಕ ಆಡ್ದ. ಅಂತ ತಮ್ಮ ಎಲ್ಲಿ ಸಿಗ್ತಾನೆ!" ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ರೂಪ ಸೆರಗು ಬಾಯಿಗೆ ಅಡ್ಡ ಹಿಡಿದು, ಕೆಮ್ಮು ಬಂದವಳಂತೆ ಎದ್ದು ಆಚೆ ಹೋದಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅದನ್ನು ಅವರೆಲ್ಲ ವಿನಯ ಅಂದುಕೊಂಡರು.

ಆ ಗುಂಪಿನಿಂದ ವಯಸ್ಸಾದ ಒಬ್ಬ ಹೆಂಗಸು ಎದ್ದು ನನ್ನ ಹತ್ತಿರ ಬಂದರು. ಮೂಗೂರಿನವರಂತೆ. ಕಣ್ಣಲ್ಲಿ ನೀರಿತ್ತು.

"ಸಾ, ನಮ್ಮನೇಲೂ ನಮ್ ಯಜಮಾನ್ರು ಮಂಚ ಬುಟ್ ಎದ್ದೇಳ್ತಾ ಇಲ್ಲ. ಒಂದ್ ದಿನ ಬಂದು ಏನಾರಾ ಕೆಡಿಸ್ಕೊಟ್ಟು ಓಗಿ ಸಾ" ಅಂದರು.

ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅವರು ಎರಡೂ ಕೈ ಜೋಡಿಸಿ ನಿಂತಿದ್ದರು. ನಂಜನಗೂಡಿನಿಂದ ಮೂಗೂರಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸಿದೆ ಅಂತ ಕೇಳಿದೆ.