ಒಬ್ಬಳಿಗಾಗುವಷ್ಟು ಓಟ್ಸ್

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಇಲಿ ಬರುತ್ತದೆ. ನನ್ನ ಮನೆಗೆ ಸಲಹೆ ಬರುತ್ತದೆ. ಅದೂ ಬೆಳಗಿನ ತಿಂಡಿಯ ಬಗ್ಗೆ. ಕಳೆದ ಒಂದು ವರ್ಷದಿಂದ ಇದೇ ಕತೆ. ನಾನು ಮೆಟ್ಟಿಲು ಇಳಿದರೆ ಒಂದು ಪ್ರಸಂಗ, ಹತ್ತಿದರೆ ಇನ್ನೊಂದು.

ಮೊದಲು ಸ್ವಲ್ಪ ಹಿನ್ನೆಲೆ ಹೇಳಬೇಕು. ಚಾಮರಾಜಪೇಟೆಯ ಒಂದು ಮನೆಯ ಮಹಡಿಯಲ್ಲಿ ನಾನು, ನಮ್ಮಕ್ಕ ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದೆವು. ನಮ್ಮಪ್ಪ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಇಟ್ಟು ಇಬ್ಬರನ್ನೂ ಓದಿಸಿದರು. ಮದುವೆ ಇಬ್ಬರಿಗೂ ಆಗಲಿಲ್ಲ, ಆಗಲಿಲ್ಲ ಅಂತ ಬೇಜಾರೂ ಮಾಡಿಕೊಳ್ಳಲಿಲ್ಲ. ಅಕ್ಕ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು, ನಾನು ಬಸವನಗುಡಿಯ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ಬೆಳಗಿನ ತಿಂಡಿ ಅವಳ ಪಾಲು, ರಾತ್ರಿ ಅಡುಗೆ ನನ್ನ ಪಾಲು. ಹೋದ ವರ್ಷ ಅವಳು ತೀರಿಕೊಂಡಳು. ಅವತ್ತಿನಿಂದ ನಾನು ಬೆಳಗ್ಗೆ ತಿನ್ನುವುದನ್ನೇ ಬಿಟ್ಟೆ. ಹಸಿವಿಲ್ಲ ಅಂತಲ್ಲ. ಎದುರಿನ ಕುರ್ಚಿ ಖಾಲಿ ಇಟ್ಟುಕೊಂಡು ತಿನ್ನುವುದು ನನ್ನ ಕೈಲಿ ಆಗುತ್ತಿರಲಿಲ್ಲ.

ಕಾಫಿ ಜೊತೆ

ಒಂದು ದಿನ ಲೈಬ್ರರಿಯಲ್ಲಿ ಮೇಲಿನ ಸಾಲಿನ ಪುಸ್ತಕಕ್ಕೆ ಕೈ ಚಾಚಿದವಳು ಹಾಗೇ ಕುಸಿದುಬಿಟ್ಟೆ. ನಮ್ಮ ಅಟೆಂಡರ್ ಸಕ್ಕರೆ ನೀರು ಕುಡಿಸಿ, ಆಟೋದಲ್ಲಿ ಕೂರಿಸಿಕೊಂಡು ಹತ್ತಿರದ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು.

"ಬೆಳಗ್ಗೆ ಏನ್ ತಗೊಂಡ್ರಿ?" ಡಾಕ್ಟರ್ ಕೇಳಿದರು.

"ಕಾಫಿ."

"ಕಾಫಿ ಜೊತೆ?"

"ಪೇಪರ್."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ನಿನ್ನೆ?"

"ನಿನ್ನೆ ಪೇಪರ್ ಬಂದಿರ್ಲಿಲ್ಲ."

ಅಟೆಂಡರ್ ನಕ್ಕರು, ಡಾಕ್ಟರ್ ನಗಲಿಲ್ಲ. "ನೋಡಿ, ಒಬ್ಬರೇ ಇದೀರ. ನೆನೆಹಾಕೋದು, ರುಬ್ಬೋದು ಏನೂ ಬೇಡ. ಓಟ್ಸೋ ಇನ್ನೊಂದೋ, ಡಬ್ಬಿಯಲ್ಲಿ ಬರೋದು ಯಾವುದಾದ್ರೂ ತಗೊಳ್ಳಿ. ಸಕ್ಕರೆ ಇರಬಾರದು, ನಾರಿನಂಶ ಇರ್ಬೇಕು. ದಿನಾ ಎಂಟು ಗಂಟೆಗೆ ಕೂತು ತಿನ್ನಿ. ಲೈಬ್ರರೀಲಿ ಬಿದ್ರಿ, ಸರಿ. ಮನೇಲಿ ಬಿದ್ರೆ ಎತ್ತೋರು ಯಾರು?"

ಹೊರಗೆ ಬಂದು ಚೀಟಿಯನ್ನು ಔಷಧಿ ಅಂಗಡಿಯವನಿಗೆ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ, "ಮೇಡಂ, ವಿಟಮಿನ್ ಕೊಡ್ತೀನಿ. ಎರಡನೇ ಸಾಲಲ್ಲಿ ಓಟ್ಸ್ ಬರ್ದಿದಾರೆ, ಅದು ದಿನಸಿ ಅಂಗಡೀಲಿ ಕೇಳಿ" ಅಂದ. ಆಮೇಲೆ ಅಭ್ಯಾಸಬಲದಿಂದ, "ಊಟಕ್ಕೆ ಮುಂಚೇನಾ, ಆಮೇಲಾ, ಕೇಳ್ಕೊಂಡ್ರಾ?" ಅಂದ.

ಮೂರು ಮನೆಯ ತಿಂಡಿ

ಗಾಂಧಿ ಬಜಾರಿನ ಹತ್ತಿರದ ದೊಡ್ಡ ಅಂಗಡಿಗೆ ಹೋದೆ. ಒಂದು ಗೋಡೆ ಪೂರ್ತಿ ತಿಂಡಿ ಡಬ್ಬಿಗಳು. ಓಟ್ಸ್, ಕಾರ್ನ್‌ಫ್ಲೇಕ್ಸ್, ಓಟ್ಸ್ ಜೊತೆ ಒಣಹಣ್ಣು ಬೀಜ ಬೆರೆಸಿದ ಮ್ಯೂಸ್ಲಿ, ಜೊತೆಗೆ ನಮ್ಮ ರಾಗಿಯನ್ನೇ ಚಪ್ಪಟೆ ಮಾಡಿ ಅಪರಿಚಿತಳನ್ನಾಗಿ ಮಾಡಿದ ರಾಗಿ ಫ್ಲೇಕ್ಸ್. ಮುಖಪುಟ ನೋಡಿ ಪುಸ್ತಕ ತಗೊಳ್ಳುವ ಜಾತಿ ನಾನಲ್ಲ. ಕನ್ನಡಕ ಹಾಕಿಕೊಂಡು ಡಬ್ಬಿಗಳ ಬೆನ್ನು ಓದತೊಡಗಿದೆ. ಎದುರಿಗೆ 'ಸಕ್ಕರೆ ಇಲ್ಲ' ಅಂತಿದ್ದ ಡಬ್ಬಿಯ ಬೆನ್ನಲ್ಲಿ ಬೆಲ್ಲ, ಜೇನು, ಖರ್ಜೂರದ ಪಾಕ ಮೂವರೂ ಕೂತಿದ್ದರು.

ನನ್ನ ಕೆಲಸದ ಕಾಯಿಲೆ ಏನೆಂದರೆ, ತಪ್ಪು ಜಾಗದಲ್ಲಿರುವ ವಸ್ತು ಕಂಡರೆ ಕೈ ಸುಮ್ಮನಿರುವುದಿಲ್ಲ. ಸಿಹಿ ಇರುವುದನ್ನೆಲ್ಲ ಎಡಕ್ಕೆ, ಇಲ್ಲದ್ದನ್ನೆಲ್ಲ ಬಲಕ್ಕೆ, ಸುಳ್ಳು ಹೇಳುವುದನ್ನೆಲ್ಲ ಕೆಳಗಿನ ಸಾಲಿಗೆ ಜೋಡಿಸಿದೆ. ಅಷ್ಟರಲ್ಲಿ ಒಬ್ಬಾಕೆ ಬಂದು, "ನಮ್ಮ ಮಾವನಿಗೆ ಶುಗರ್ ಇದೆ, ಯಾವುದು ಕೊಡ್ತೀರ?" ಅಂದರು. ಕೊಟ್ಟೆ. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಕೊನೆಯವರು, "ನಿಮ್ಮಂಥೋರನ್ನ ಇಟ್ಕೊಂಡಿದಾರಲ್ಲ, ಅಂಗಡಿಯೋರು ಪುಣ್ಯವಂತರು" ಅಂತ ಹರಸಿ ಹೋದರು.

ನನ್ನ ಸರದಿ ಬಂದಾಗ ಮತ್ತೆ ಡಬ್ಬಿಗಳ ಮುಖ ನೋಡಿದೆ. ಎಲ್ಲದರ ಮೇಲೂ ಅಪ್ಪ, ಅಮ್ಮ, ಎರಡು ಮಕ್ಕಳು ಮೇಜಿನ ಸುತ್ತ ಕೂತು ಹಲ್ಲು ಕಿರಿಯುತ್ತಿದ್ದರು. ಒಬ್ಬಳೇ ಕೂತು ತಿನ್ನುವವಳ ಚಿತ್ರ ಇದ್ದ ಡಬ್ಬಿ ಒಂದೂ ಇರಲಿಲ್ಲ. ಮೂರು ಮನೆಗೆ ತಿಂಡಿ ಆರಿಸಿಕೊಟ್ಟ ನಾನು ಅವತ್ತು ಬಟ್ಟೆ ಸೋಪು ತಗೊಂಡು ಮನೆಗೆ ಬಂದೆ.

ಎರಡು ಬಟ್ಟಲು

ಮರುವಾರ ಧೈರ್ಯ ಮಾಡಿ ಕಾರ್ನ್‌ಫ್ಲೇಕ್ಸ್ ತಂದೆ. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಹಾಲು ಕಾಯಿಸಿ, ಬಟ್ಟಲು ಇಟ್ಟು, ಸುರಿದು, ಹಾಲು ಹಾಕಿ, ಕೂತು ನೋಡುತ್ತೇನೆ, ಮೇಜಿನ ಮೇಲೆ ಎರಡು ಬಟ್ಟಲು. ಕೈ ತನ್ನ ಪಾಡಿಗೆ ತಾನು ಇಬ್ಬರಿಗೂ ಹಾಕಿತ್ತು.

ಉಪ್ಪಿಟ್ಟಾಗಿದ್ದರೆ ಮುಚ್ಚಿಟ್ಟು ಮಧ್ಯಾಹ್ನ ತಿನ್ನಬಹುದಿತ್ತು. ಈ ತಿಂಡಿಗೆ ಅಷ್ಟು ತಾಳ್ಮೆ ಇಲ್ಲ, ಐದು ನಿಮಿಷಕ್ಕೆ ಮೆತ್ತಗಾಗಿಬಿಡುತ್ತದೆ. ಚೆಲ್ಲಲು ಮನಸ್ಸು ಬರಲಿಲ್ಲ. ಅಳು ಬಂತು. ಅಳುತ್ತಲೇ ಮೊದಲು ಅಕ್ಕನ ಬಟ್ಟಲು ಮುಗಿಸಿದೆ, ಆಮೇಲೆ ನನ್ನದು. ಹೊಟ್ಟೆ ಬಿರಿಯುವಷ್ಟಾಗಿ ಅವತ್ತು ಮಧ್ಯಾಹ್ನದ ಊಟ ಬಿಟ್ಟೆ. ಎರಡು ವಾರ ದಿನಾ ಇದೇ ಆಯಿತು. ತೂಕ ಹೆಚ್ಚಿದೆ, ತಿಂಡಿ ಚೆನ್ನಾಗಿ ಒಗ್ಗಿದೆ ಅಂತ ಡಾಕ್ಟರಿಗೆ ಸಂತೋಷವಾಯಿತು.

ನಿಶ್ಶಬ್ದ

ಮನೆಯಲ್ಲಿ ಆಗದಿದ್ದರೆ ನಾಲ್ಕು ಜನ ಇರುವ ಕಡೆ ತಿನ್ನೋಣ ಅನ್ನಿಸಿತು. ನನಗೆ ಗೊತ್ತಿರುವ ನಾಲ್ಕು ಜನ ಇರುವ ಜಾಗ ಅಂದರೆ ಲೈಬ್ರರಿ. ಎಂಟೂವರೆಗೇ ಪರೀಕ್ಷೆಗೆ ಓದುವವರು ಬಂದು ಕೂತಿರುತ್ತಾರೆ. ಡಬ್ಬಿಯಲ್ಲಿ ರಾಗಿ ಫ್ಲೇಕ್ಸ್, ಫ್ಲಾಸ್ಕಿನಲ್ಲಿ ಹಾಲು ತಗೊಂಡು ಹೋಗಿ ನನ್ನ ಮೇಜಿನ ಹಿಂದೆ ಕೂತೆ. ತಲೆ ಬಗ್ಗಿಸಿ ಓದುತ್ತಿದ್ದ ಆ ಮಕ್ಕಳನ್ನು ನೋಡಿದರೇ ಸಮಾಧಾನವಾಯಿತು. ಮೊದಲ ಚಮಚ ಬಾಯಿಗಿಟ್ಟೆ.

ಕರಕರ ಅಂತ ಬಂದ ಸದ್ದು ಆ ಮೌನದಲ್ಲಿ ಕಲ್ಲು ಕುಟ್ಟಿದ ಹಾಗೆ ಕೇಳಿಸಿತು. ಎಲ್ಲರೂ ತಲೆ ಎತ್ತಿದರು. ನಿಧಾನಕ್ಕೆ ಅಗಿದೆ, ಸದ್ದು ಉದ್ದವಾಯಿತೇ ಹೊರತು ಕಡಿಮೆಯಾಗಲಿಲ್ಲ. ಒಬ್ಬ ಹುಡುಗಿ ಎದ್ದು ಬಂದಳು. ಮಾತಾಡಲಿಲ್ಲ, ಗೋಡೆಯ ಮೇಲಿದ್ದ 'ನಿಶ್ಶಬ್ದ' ಬೋರ್ಡಿನತ್ತ ಬೆರಳು ತೋರಿಸಿ ಹೋಗಿ ಕೂತಳು. ಆ ಬೋರ್ಡು ಹಾಕಿಸಿದವಳು ನಾನೇ. ಬೆರಳು ತೋರಿಸಬೇಕು, ಬಾಯಿ ಬಿಡಬಾರದು ಅಂತ ಕಲಿಸಿದವಳೂ ನಾನೇ. ಬಾಯಲ್ಲಿದ್ದದ್ದು ತಾನಾಗಿಯೇ ಮೆತ್ತಗಾಗುವವರೆಗೆ ಹತ್ತು ನಿಮಿಷ ಹಾಗೇ ಕೂತಿದ್ದೆ. ಎರಡು ಸಲ ಫೋನ್ ಬಂತು, ತೆಗೆಯಲಿಲ್ಲ.

ಖಾಲಿ ಪಾತ್ರೆ

ನಮ್ಮ ಮನೆಯ ಓನರಮ್ಮ ಕೆಳಗಡೆ ಇರುತ್ತಾರೆ. ಎಪ್ಪತ್ತು ದಾಟಿದೆ. ಗಂಡ ಹೋಗಿ ಬಹಳ ವರ್ಷವಾಯಿತು. ನಾನು ಓಟ್ಸ್ ಪ್ಯಾಕೆಟ್ ಹಿಡಿದುಕೊಂಡು ಮೆಟ್ಟಿಲು ಹತ್ತುವುದನ್ನು ಅವರು ನೋಡಿಬಿಟ್ಟರು.

"ಏನಮ್ಮ ಅದು?"

"ಓಟ್ಸ್ ಅಮ್ಮ. ಹಾಲಲ್ಲಿ ಹಾಕ್ಕೊಂಡು ತಿನ್ನೋದು."

"ಆ ಗೋಂದನ್ನ ಯಾರು ತಿಂತಾರೆ? ಕೊಡಿಲ್ಲಿ."

ಅರ್ಧ ಗಂಟೆಗೆ ಸ್ಟೀಲ್ ಡಬ್ಬಿಯಲ್ಲಿ ಓಟ್ಸ್ ಬಿಸಿಬೇಳೆ ಬಾತ್ ಬಂತು. ಮೇಲೆ ತುಪ್ಪ ತೇಲುತ್ತಿತ್ತು. ಹುಡುಕಿದರೆ ಅಲ್ಲೊಂದು ಇಲ್ಲೊಂದು ಓಟ್ಸ್ ಸಿಗುತ್ತಿತ್ತು. ನಮ್ಮಲ್ಲಿ ಪಾತ್ರೆ ಖಾಲಿ ವಾಪಸ್ ಕೊಡುವ ಹಾಗಿಲ್ಲ. ಮನೆಯಲ್ಲಿ ಬೇರೇನೂ ಇರಲಿಲ್ಲ, ಮ್ಯೂಸ್ಲಿ ತುಂಬಿ ಕಳಿಸಿದೆ. ಅವರೂ ಖಾಲಿ ಕಳಿಸುವವರಲ್ಲ. ಮ್ಯೂಸ್ಲಿಗೆ ಬೆಲ್ಲದ ಪಾಕ ಹಾಕಿ ಉಂಡೆ ಕಟ್ಟಿ ಕಳಿಸಿದರು. ನಾನು ಕಾರ್ನ್‌ಫ್ಲೇಕ್ಸ್ ಕಳಿಸಿದೆ, ಅದು ಎಣ್ಣೆಯಲ್ಲಿ ಈಜಿ, ಕಡಲೆಬೀಜ ಕರಿಬೇವಿನ ಜೊತೆ ಚೂಡಾ ಆಗಿ ಮೇಲೆ ಬಂತು.

ತಿಂಗಳು ಪೂರ್ತಿ ಆ ಡಬ್ಬಿ ಮೆಟ್ಟಿಲು ಹತ್ತಿ ಇಳಿಯಿತು. ನಾವಿಬ್ಬರು ಮಾತ್ರ ಬಾಗಿಲಲ್ಲೇ ಕೊಟ್ಟು ತಗೊಂಡು, ನಮ್ಮ ನಮ್ಮ ಮನೆಯೊಳಗೆ ಒಬ್ಬೊಬ್ಬರೇ ಕೂತು ತಿಂದೆವು. ಈಗ ಯೋಚಿಸಿದರೆ ಪೆಚ್ಚು ಅನ್ನಿಸುತ್ತದೆ. ತಿಂಗಳ ಕೊನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟರಾಲ್ ಏರಿದ್ದು ನೋಡಿ ಡಾಕ್ಟರ್ ಕೇಳಿದರು, "ಓಟ್ಸ್ ನಿಲ್ಲಿಸ್ಬಿಟ್ರಾ?" "ಇಲ್ಲ, ದಿನಾ ತಿಂತಿದೀನಿ" ಅಂದೆ. "ಹಾಗಾದ್ರೆ ನಿಲ್ಲಿಸಿ" ಅಂದರು.

ಎಡೆ

ಮಹಾಲಯ ಅಮಾವಾಸ್ಯೆ ಬಂತು. ಹೋದವರ ಫೋಟೋ ಮುಂದೆ ಅವರಿಗಿಷ್ಟವಾದ ಅಡುಗೆಯನ್ನೆಲ್ಲ ಇಡುವ ದಿನ. ಅಕ್ಕನಿಗೆ ಇದು ಮೊದಲ ಎಡೆ. ಓಕಳಿಪುರಂನಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದರು. ಕೆಳಗಿನಿಂದ ಓನರಮ್ಮ ಬಂದರು. ಕೋಳಿ ಸಾರು, ವಡೆ, ಕಜ್ಜಾಯ, ಪಾಯಸ ಎಲ್ಲ ಮಾಡಿದೆವು. ಫೋಟೋಗೆ ತೋರಿಸಿದ ಮೇಲೆ ಒಂದು ಎಲೆ ಟೆರೇಸಿಗೆ ಹೋಗಬೇಕು, ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಹೋದವರಿಗೆ ತೃಪ್ತಿ. ಅಲ್ಲಿಯವರೆಗೆ ಯಾರೂ ಊಟಕ್ಕೆ ಕೂರುವ ಹಾಗಿಲ್ಲ.

ನಮ್ಮ ಬೀದಿಯಲ್ಲಿ ಪಾರಿವಾಳ ಬೇಕಾದಷ್ಟು, ಕಾಗೆಗೆ ಬರ. ಚಿಕ್ಕಪ್ಪ ಟವೆಲ್ ಬೀಸಿ ಪಾರಿವಾಳ ಓಡಿಸಿ ಓಡಿಸಿ ಸುಸ್ತಾದರು. ಎರಡು ಗಂಟೆಗೆ ಕೊನೆಗೂ ಒಂದು ಕಾಗೆ ಬಂದು ನೀರಿನ ಟ್ಯಾಂಕಿನ ಮೇಲೆ ಕೂತಿತು. ಎಲೆ ನೋಡಿತು, ನಮ್ಮನ್ನು ನೋಡಿತು, ಕೆಳಗಿಳಿಯಲಿಲ್ಲ.

"ಏನೋ ಕೊರಗು ಉಳಿದಿದೆ ಅವಳಿಗೆ," ಚಿಕ್ಕಮ್ಮ ಅಂದರು. "ಏನಾದ್ರೂ ಮಾತು ಕೊಡೇ."

ಅಕ್ಕನಿಗೆ ಏನು ಕೊರಗಿರಬಹುದು ಅಂತ ನನಗೆ ಗೊತ್ತಿತ್ತು. ಕೈ ಮುಗಿದು, "ಅಕ್ಕಾ, ನಾಳೆಯಿಂದ ದಿನಾ ತಿಂಡಿ ತಿಂತೀನಿ" ಅಂದೆ.

ಕಾಗೆ ಮುಖ ಆ ಕಡೆ ತಿರುಗಿಸಿತು.

"ಸುಳ್ಳು ಅಂತ ಅದಕ್ಕೂ ಗೊತ್ತಾಯ್ತು," ಓನರಮ್ಮ ಅಂದರು. ಆಮೇಲೆ ಅವರೇ ಒಂದು ಹೆಜ್ಜೆ ಮುಂದೆ ಹೋಗಿ ಟ್ಯಾಂಕಿನತ್ತ ನೋಡಿ ಹೇಳಿದರು, "ನೋಡಮ್ಮ, ದಿನಾ ಎಂಟು ಗಂಟೆಗೆ ಇವಳನ್ನ ಕೆಳಗೆ ಕರೆದು ಎದುರಿಗೆ ಕೂರಿಸ್ಕೊಂಡು ತಿನ್ನಿಸ್ತೀನಿ. ನಾನೂ ಒಬ್ಬಳೇ ತಿಂತಿರೋದು. ಸಾಕಾ?"

ಕಾಗೆ ಕತ್ತು ಓರೆ ಮಾಡಿತು. "ಇನ್ನೂ ಏನಾದ್ರೂ ತಿಂಡಿ ಇದ್ರೆ ತಂದಿಡು, ನನಗೆ ಮಾತ್ರೆ ತಗೊಳ್ಳೋ ಹೊತ್ತಾಯ್ತು" ಅಂತ ಚಿಕ್ಕಮ್ಮ ಅವಸರ ಮಾಡಿದರು. ಅಡುಗೆಮನೆಯಲ್ಲಿ ಉಳಿದದ್ದು ಮ್ಯೂಸ್ಲಿ ಒಂದೇ. ಒಂದು ಬಟ್ಟಲು ತಂದು ಎಲೆಯ ಪಕ್ಕ ಇಟ್ಟೆ.

ಕಾಗೆ ತಕ್ಷಣ ಇಳಿಯಿತು. ಕೋಳಿ ಸಾರು ದಾಟಿತು, ವಡೆ ತುಳಿದುಕೊಂಡು ಹೋಯಿತು. ಬಟ್ಟಲಿನ ಅಂಚಿನಲ್ಲಿ ನಿಂತು ಒಣದ್ರಾಕ್ಷಿಯನ್ನು ಮಾತ್ರ ಒಂದೊಂದಾಗಿ ಆರಿಸಿ ನುಂಗಿತು. ಒಂದೂ ಬಿಡಲಿಲ್ಲ. ಓಟ್ಸ್ ಮುಟ್ಟಲಿಲ್ಲ. ಚಿಕ್ಕಮ್ಮ ಕೆನ್ನೆ ಬಡಿದುಕೊಂಡು ಕೈ ಮುಗಿದರು.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಚಿಕ್ಕಂದಿನಲ್ಲಿ ಪಾಯಸ ಮಾಡಿದ ದಿನವೆಲ್ಲ ಇದೇ ಜಗಳ. ನಾನು ಕೈ ತೊಳೆದು ಬರುವಷ್ಟರಲ್ಲಿ ಅಕ್ಕ ನನ್ನ ಲೋಟದ ದ್ರಾಕ್ಷಿಯನ್ನೂ ಆರಿಸಿ ತಿಂದು, ಏನೂ ಗೊತ್ತಿಲ್ಲದವಳ ಹಾಗೆ ಕೂತಿರುತ್ತಿದ್ದಳು. "ಈಗ್ಲೂ ನನಗೆ ಉಳಿದದ್ದೇನಾ?" ಅಂತ ಕಾಗೆಯನ್ನು ಗಟ್ಟಿಯಾಗಿ ಕೇಳಿಯೇಬಿಟ್ಟೆ. ಅದು ಮತ್ತೆ ಟ್ಯಾಂಕಿನ ಮೇಲೆ ಕೂತು, ಕೊಕ್ಕು ಒರೆಸಿ ಮಾರ್ಕೆಟ್ ಕಡೆ ಹಾರಿಹೋಯಿತು. ನನಗೆ ನಗು ತಡೆಯಲಾಗಲಿಲ್ಲ. ಹಾಗೆ ನಕ್ಕು ಒಂದು ವರ್ಷವಾಗಿತ್ತು.

ಓನರಮ್ಮ ಬಟ್ಟಲು ಎತ್ತಿಕೊಂಡು, ನನ್ನ ಬೆನ್ನು ಸವರಿ ಹೇಳಿದರು, "ನಾಳೆ ಎಂಟಕ್ಕೆ ಬಾ. ದ್ರಾಕ್ಷಿ ನಾನು ತರಿಸಿರ್ತೀನಿ. ಬಾಗಿಲು ಹಾಕ್ಕೊಂಡು ಬೇಗ ತಿಂದ್ಬಿಡೋಣ, ನಿಮ್ಮಕ್ಕ ಬರೋದ್ರೊಳಗೆ."