ಬಟ್ಟೆ ಒಗೆಯುವ ಕಲ್ಲಿನ ವಂಶಾವಳಿ

ಸ್ವಂತ ಹಿತ್ತಲಲ್ಲಿ ಏನಿದೆ ಎಂಬುದು ಗಂಡಸರಿಗೆ ತಿಳಿಯುವುದು ಹೊರಗಿನವರು ಹೇಳಿದ ಮೇಲೆಯೇ. ಮುದ್ದೇಬಿಹಾಳದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತು ವರ್ಷಗಳಿಂದ ಜೀವವಿಕಾಸದ ಪಾಠ ಮಾಡುತ್ತಿದ್ದೇನೆ. ಪಾಠದಲ್ಲಿ ಮಂಗ ಬಂದ ಕೂಡಲೇ ಹುಡುಗಿಯರು ನನ್ನ ಮುಖ ನೋಡಿ ನಗುತ್ತಾರೆ. ಅದನ್ನು ಬಿಟ್ಟರೆ ಆ ವಿಷಯಕ್ಕೂ ನನಗೂ ಹತ್ತಿರದ ಸಂಬಂಧವೇನೂ ಇರಲಿಲ್ಲ.

ಮೊನ್ನೆ ಭೂವಿಜ್ಞಾನ ಓದಿದ ಗೆಳೆಯನೊಬ್ಬ ಊಟಕ್ಕೆ ಬಂದಿದ್ದ. ಕೈ ತೊಳೆಯಲು ಹಿತ್ತಲಿಗೆ ಹೋದವನು ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತೇಬಿಟ್ಟ. ಮನೆ ಕಟ್ಟುವಾಗ ಯಾರೋ ಹೊಲದ ಬದುವಿನಿಂದ ತಂದು ಹಾಕಿದ ಕಲ್ಲು ಅದು. ಮೇಲೆಲ್ಲ ಉಳ್ಳಾಗಡ್ಡಿ ಹೆಚ್ಚಿಟ್ಟಂತೆ ಸುತ್ತುಸುತ್ತು ಗೆರೆ. "ಇವು ಬರೇ ಗೆರಿ ಅಲ್ಲೋ ಮಾಸ್ತರ. ಮೀನು, ಮಂಗ್ಯಾ ಯಾವೂ ಇರಲಾರದಾಗ ಸಮುದ್ರದಾಗ ಇದ್ದ ಜೀವಿಗೋಳು ಪದರಿನ ಮ್ಯಾಲೆ ಪದರ ಕಟ್ಯಾವ. ನಾವು ಉಸಿರಾಡೂ ಗಾಳಿ ಇಂಥಾವ ಕೊಟ್ಟಾವ," ಎಂದ.

ಅವನು ಹೋದ ಕೂಡಲೇ ಆ ಕಲ್ಲಿನ ಮೇಲೆ ಬಟ್ಟೆ ಒಗೆಯಕೂಡದೆಂದು ಆಜ್ಞೆ ಹೊರಡಿಸಿದೆ. ನನ್ನ ಹೆಂಡತಿ ಶಾಂತಾ ಬಕೆಟ್ ಕೆಳಗಿಟ್ಟಳು.

"ಅಂಥಾದ್ದು ಏನೈತ್ರಿ ಇದರಾಗ?"

"ಪಾಚಿಯಂಥಾ ಜೀವ ಐತಿ. ಅಂದ್ರ, ಇತ್ತು."

"ಪಾಚಿ ತಿಕ್ಕಿ ತಿಕ್ಕಿ ನನ್ನ ಕೈ ಸವದಾವ. ಈಗ ಅದಕ್ಕ ಕೈ ಮುಗೀಬೇಕೇನ್ರಿ? ಹಂಗಾದ್ರ ಬಟ್ಟಿ ನೀವ ಒಗೀರಿ."

ಎಂಟು ದಿನ ಬಚ್ಚಲಲ್ಲಿ ಬಗ್ಗಿ ಒಗೆದೆ. ಮನುಷ್ಯ ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲಲು ಎಷ್ಟೋ ಲಕ್ಷ ವರ್ಷ ಹಿಡಿಯಿತೆನ್ನುತ್ತಾರೆ. ನಾಲ್ಕು ಕಾಲಿಗೆ ಮರಳಲು ನನಗೆ ಅಷ್ಟೆಲ್ಲ ಬೇಕಾಗಲಿಲ್ಲ. ಶಾಂತಾಳಿಗೆ ಕನಿಕರ ಬಂತು. ಬೆನ್ನಿಗೆ ಎಣ್ಣೆ ತಿಕ್ಕುತ್ತ, "ಆ ಕಲ್ಲು ಸಾಲಿಗಿ ಒಯ್ಯೋಣ್ರಿ, ಹುಡುಗ್ಯಾರು ನೋಡ್ಲಿ. ನನಗ ಬ್ಯಾರೆ ಒಂದು ತರ್ರಿ," ಎಂದಳು.

ಕಲ್ಲು ಟಂಟಂ ಆಟೋದಲ್ಲಿ ಶಾಲೆಗೆ ಹೊರಟಿತು, ಜೊತೆಗೆ ಶಾಂತಾಳೂ. ದಾರಿಯುದ್ದಕ್ಕೂ ಅದು ಹೊರಳದಂತೆ ಕೈಯಿಟ್ಟು ಹಿಡಿದುಕೊಂಡಿದ್ದಳು. ತರಗತಿಯಲ್ಲಿ ನಾನು ಅರ್ಧ ತಾಸು ವಿವರಿಸಿದೆ. ಆಮೇಲೆ ರೆಹಾನಾ ಎಂಬ ಹುಡುಗಿ ಎದ್ದು ಕೇಳಿದಳು: "ಸರ್, ಜಗತ್ತಿಗೆಲ್ಲಾ ಗಾಳಿ ಕೊಟ್ಟು, ಹೆಸರಿಲ್ಲದಂಗ ಇವು ಕಲ್ಲಿನಾಗ ಯಾಕ ಕುಂತ್ವು?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಬಾಗಿಲಲ್ಲಿ ನಿಂತಿದ್ದ ಶಾಂತಾ ಹೇಳಿದಳು: "ಹೆಣ್ಣಮಕ್ಕಳಿರಬೇಕವಾ."

ಹುಡುಗಿಯರು ಬೆಂಚು ಬಡಿದು ನಕ್ಕರು, ಚಪ್ಪಾಳೆ ತಟ್ಟಿದರು. ನನ್ನ ತರಗತಿಯಲ್ಲಿ ಅಂಥ ಚಪ್ಪಾಳೆಯನ್ನು ನಾನು ಕೇಳಿದ್ದೇ ಇಲ್ಲ. ಸುಣ್ಣದ ಕಡ್ಡಿಯನ್ನು ಶಾಂತಾಳ ಕೈಗಿಟ್ಟು ಕೊನೆಯ ಬೆಂಚಿಗೆ ಹೋಗಿ ಕುಳಿತೆ.